ಕೇಳಿದ ವಿಶ್ವಾಸ, ಓದಿದ ವಿಶ್ವಾಸ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವರಿಗೆ ವಿಷಯದ ಕೊರತೆ ಇರುವುದಿಲ್ಲ. ಗೋಡೆ ಎಬ್ಬಿಸಿದವರನ್ನು ನೆನೆಯಬಹುದು, ಗಂಟೆ ತೂಗಿಸಿದವರನ್ನು ನೆನೆಯಬಹುದು, ಮಳೆ ಬಿಸಿಲೆನ್ನದೆ ಊರೂರು ನಡೆದು ಪೂಜೆ ಅರ್ಪಿಸಿದ ಗುರುಗಳನ್ನು ನೆನೆಯಬಹುದು. ಈ ಕಾರ್ಯವನ್ನು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳು ನಮಗಿಂತ ಚೆನ್ನಾಗಿ ಮಾಡುತ್ತವೆ. ಆದುದರಿಂದ ನಾವು ಇಂದು ಬೇರೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಈ ನೂರು ವರ್ಷಗಳಲ್ಲಿ ಈ ಸಮುದಾಯ ಏನನ್ನು ಓದಿತು? ಮುಂದಿನ ನೂರು ವರ್ಷಗಳಲ್ಲಿ ಏನನ್ನು ಓದಲಿದೆ?

ಹಬ್ಬದ ದಿನ ಇದೆಂಥ ಪ್ರಶ್ನೆ ಎಂದು ಕೆಲವರಿಗೆ ತೋರಬಹುದು. ವಿಶ್ವಾಸವು ಪುಸ್ತಕದಿಂದ ಬರುವುದೇ, ಎಂದು ಕೇಳುವವರೂ ಇದ್ದಾರೆ. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆಂದು ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲರೇ ಹೇಳಿದ್ದಾರೆ. ಅದು ಸತ್ಯ. ಆದರೆ ಸಂತ ಪೌಲರು ಆ ಮಾತನ್ನು ಹೇಳಿದ್ದು ಪತ್ರದ ಮೂಲಕ ಎಂಬುದನ್ನು ನಾವು ಮರೆಯಬಾರದು. ಅದನ್ನು ಯಾರೋ ಬರೆದುಕೊಂಡರು, ಯಾರೋ ಹೊತ್ತು ತಂದರು, ರೋಮಿನ ಸಭೆಯಲ್ಲಿ ಯಾರೋ ಎದ್ದು ನಿಂತು ಓದಿದರು. ಆಗ ಉಳಿದವರು ಕೇಳಿದರು. ಕೇಳುವವರ ಹಿಂದೆ ಓದುವವನೊಬ್ಬನು ಎಂದೂ ಇದ್ದೇ ಇರುತ್ತಾನೆ.

ಪ್ರಭು ಯೇಸುಕ್ರಿಸ್ತರು ತಮ್ಮ ಬಹಿರಂಗ ಜೀವನದ ಆರಂಭದಲ್ಲಿ ಏನು ಮಾಡಿದರೆಂಬುದನ್ನು ಸಂತ ಲೂಕರು 4ನೆಯ ಅಧ್ಯಾಯದಲ್ಲಿ ವಿವರವಾಗಿ ತಿಳಿಸಿದ್ದಾರೆ. ಸಬ್ಬತ್ ದಿನ ನಜರೇತಿನ ಪ್ರಾರ್ಥನಾಮಂದಿರಕ್ಕೆ ಹೋಗಿ ಓದುವುದಕ್ಕಾಗಿ ಎದ್ದು ನಿಂತರು. ಪ್ರವಾದಿ ಯೆಶಾಯನ ಸುರುಳಿಯನ್ನು ಅವರ ಕೈಗೆ ಕೊಟ್ಟರು. ಅದನ್ನು ಬಿಚ್ಚಿ, ತಮಗೆ ಬೇಕಾದ ಭಾಗವನ್ನು ಕಂಡುಕೊಂಡು ಓದಿದರು. ಸುರುಳಿಯಲ್ಲಿ ಇಂದಿನಂತೆ ಅಧ್ಯಾಯಗಳಿಗಾಗಲಿ, ವಾಕ್ಯಗಳಿಗಾಗಲಿ ಅಂಕೆಗಳಿರಲಿಲ್ಲ. ಒಂದು ಭಾಗ ಎಲ್ಲಿದೆಯೆಂದು ಕೈ ಬೆರಳಿಗೆ ತಿಳಿಯಬೇಕಾದರೆ, ಅದಕ್ಕೆ ಮುಂಚೆ ಎಷ್ಟು ಸಲ ಓದಿ, ಎಷ್ಟು ಸಲ ಕೇಳಿ ಪರಿಚಯವಾಗಿರಬೇಕು! ಬಡಗಿಯ ಮನೆಯಲ್ಲಿ ಬೆಳೆದ ಆ ಯುವಕರು ಓದುವ ಅಭ್ಯಾಸವುಳ್ಳವರಾಗಿದ್ದರು.

ಇನ್ನೂ ಒಂದನ್ನು ಗಮನಿಸಬೇಕು. ಅವರು ಆರಿಸಿಕೊಂಡ ಭಾಗ ಬಡವರನ್ನು, ಸೆರೆಯಲ್ಲಿರುವವರನ್ನು, ಕುರುಡರನ್ನು, ದಬ್ಬಾಳಿಕೆಗೆ ಸಿಕ್ಕಿದವರನ್ನು ಕುರಿತದ್ದು. ಓದಿ ಮುಗಿಸಿದ ಮೇಲೆ, ಆ ಮಾತು ಅಂದೇ ನೆರವೇರುತ್ತಿದೆಯೆಂದು ಅವರು ಸಾರಿದರು. ಹೀಗೆ ಓದು, ವಿಶ್ವಾಸ, ಲೋಕದ ಬಾಳು ಈ ಮೂರೂ ಒಂದೇ ಗಳಿಗೆಯಲ್ಲಿ ಒಂದೇ ಕೈಯಲ್ಲಿ ಕೂಡಿಕೊಂಡುವು. ಅವುಗಳನ್ನು ಬೇರ್ಪಡಿಸಿದವರು ಅನಂತರ ಬಂದ ನಾವು.

ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿ ಮತ್ತೊಬ್ಬ ಓದುಗನಿದ್ದಾನೆ. ಅವನು ಇಥಿಯೋಪಿಯದ ರಾಣಿಯ ಬೊಕ್ಕಸದ ಅಧಿಕಾರಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಣಕಾಸಿನ ಕಾರ್ಯಭಾರ ಹೊತ್ತ ದೊಡ್ಡ ಸರ್ಕಾರಿ ಅಧಿಕಾರಿ. ರಥದಲ್ಲಿ ಕುಳಿತು ಊರಿಗೆ ಮರಳುವಾಗ ಅವನೂ ಯೆಶಾಯನ ಗ್ರಂಥವನ್ನೇ ಗಟ್ಟಿಯಾಗಿ ಓದುತ್ತಿದ್ದನು. ಫಿಲಿಪ್ಪನು ಓಡಿ ಬಂದು, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ವಿಚಾರಿಸಿದನು. ಯಾರಾದರೂ ದಾರಿ ತೋರದಿದ್ದರೆ ಹೇಗೆ ಅರ್ಥವಾದೀತು ಎಂದು ಆ ಅಧಿಕಾರಿ ಸಂಕೋಚವಿಲ್ಲದೆ ಉತ್ತರಿಸಿ, ಅವನನ್ನು ರಥದಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡನು. ಅಧಿಕಾರದಲ್ಲಿದ್ದವನು ಓದುತ್ತಿದ್ದನು; ಓದುತ್ತಿದ್ದವನು ತನಗೆ ತಿಳಿಯದೆಂದು ಒಪ್ಪಿಕೊಂಡನು; ತಿಳಿದವನು ಮೇಲೆ ನಿಂತು ಉಪದೇಶಿಸದೆ ಪಕ್ಕದಲ್ಲಿ ಕುಳಿತು ವಿವರಿಸಿದನು. ಧರ್ಮಸಭೆಯ ಓದು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ.

ಧರ್ಮಸಭೆಯ ಇತಿಹಾಸದಲ್ಲಿ ಪುಸ್ತಕದ ಮುಂದೆ ಬಾಳು ತಿರುಗಿದವರು ಅನೇಕರು. 386ರಲ್ಲಿ ಮಿಲಾನಿನ ತೋಟದಲ್ಲಿ ಮನಸ್ಸಿನ ಹೊಯ್ದಾಟದಲ್ಲಿದ್ದ ಅಗಸ್ಟೀನರು ಎಲ್ಲಿಂದಲೋ ಕೇಳಿಬಂದ ಮಗುವಿನ ದನಿಯನ್ನು ಅನುಸರಿಸಿ ಸಂತ ಪೌಲರ ಪತ್ರವನ್ನು ತೆರೆದರು. 1521ರಲ್ಲಿ ಪಾಂಪ್ಲೋನದ ಕದನದಲ್ಲಿ ಕಾಲಿಗೆ ಗುಂಡಿನ ಪೆಟ್ಟು ಬಿದ್ದು ಮನೆಯಲ್ಲಿ ಮಲಗಿದ್ದ ಇಗ್ನಾಸಿಯವರು ಹೊತ್ತು ಕಳೆಯಲು ವೀರರ ಸಾಹಸಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಅಂಥ ಪುಸ್ತಕಗಳಿರಲಿಲ್ಲ. ಇದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೆ ದಾರಿಯಿಲ್ಲದೆ ಅವುಗಳನ್ನೇ ಓದಿದರು. ಸೈನಿಕನಾಗಿದ್ದವರು ಯೇಸುಸಭೆಯ ಸ್ಥಾಪಕರಾದರು. 1921ರ ಬೇಸಿಗೆಯಲ್ಲಿ ಯೆಹೂದ್ಯ ಮನೆತನದ ತತ್ತ್ವಶಾಸ್ತ್ರಜ್ಞೆ ಎಡಿತ್ ಸ್ಟೈನ್ ಗೆಳತಿಯೊಬ್ಬರ ಮನೆಯಲ್ಲಿ ಆವಿಲದ ಸಂತ ತೆರೇಸರ ಆತ್ಮಕಥೆಯನ್ನು ಕೈಗೆತ್ತಿಕೊಂಡರು. ಮರುವರ್ಷ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ಮುಂದೆ ಕಾರ್ಮೆಲ್ ಮಠ ಸೇರಿ, 1942ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಪ್ರಾಣ ತೆತ್ತರು. 1998ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಈ ಮೂವರ ಕಥೆಗಳಲ್ಲಿಯೂ ಸಾಮಾನ್ಯವಾದ ಅಂಶವೊಂದಿದೆ. ಪುಸ್ತಕವು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಲೊಯೋಲದ ಆ ಮನೆಯಲ್ಲಿ ಆ ಎರಡು ಪುಸ್ತಕಗಳೂ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯಾರು ಬಲ್ಲರು? ಆದುದರಿಂದ ಒಂದು ಮನೆಯಲ್ಲಿ ಯಾವ ಪುಸ್ತಕಗಳಿವೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ. ಕಾಯಿಲೆ ಬಿದ್ದ ಮಗನೋ, ಪರೀಕ್ಷೆಯಲ್ಲಿ ಸೋತ ಮಗಳೋ, ಕೆಲಸ ಕಳೆದುಕೊಂಡು ಮೌನವಾಗಿ ಕುಳಿತ ತಂದೆಯೋ ಒಂದು ಮಧ್ಯಾಹ್ನ ಕೈಚಾಚಿದಾಗ ಏನು ಸಿಗುತ್ತದೆ ಎಂಬುದು ಆ ಮನೆಯವರು ಅದಕ್ಕೆ ಎಷ್ಟೋ ಮುಂಚೆ ಮಾಡಿಟ್ಟ ತೀರ್ಮಾನವಾಗಿರುತ್ತದೆ.

ಇನ್ನು ನಮ್ಮ ನಾಡಿನ ಕಡೆಗೆ ನೋಡೋಣ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಮೊದಲು ಕನ್ನಡ ಕಲಿತರು. ಅದರಲ್ಲಿ ಜ್ಞಾನೋಪದೇಶದ ಪುಸ್ತಕ ರಚಿಸಿದರು, ವ್ಯಾಕರಣವನ್ನೂ ಸಿದ್ಧಪಡಿಸಿದರು. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳ ಕಾಲದಲ್ಲಿ ಬೆಂಗಳೂರಿನಲ್ಲಿ 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟೂ 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟೂ ಅಚ್ಚಾದುವು. ಮಂಗಳೂರಿನಲ್ಲಿ ಯೇಸುಸಭೆಯ ಮಾಫೆಯಿ ಗುರುಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನು, 1883ರಲ್ಲಿ ಕೊಂಕಣಿ ನಿಘಂಟನ್ನು ಹೊರತಂದರು.

ಪ್ರಾಟೆಸ್ಟೆಂಟ್ ಸೋದರರ ಸೇವೆಯನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ವೃತ್ತಪತ್ರಿಕೆ. ಫರ್ಡಿನಾಂಡ್ ಕಿಟ್ಟೆಲ್ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ನಾಡಿಗೆ ಕೊಟ್ಟರು. ಅದರಲ್ಲಿ ಕಾವ್ಯದ ಪದಗಳಿಗೆ ಎಷ್ಟು ಗೌರವವಿದೆಯೋ ಹೊಲ ಮನೆಯ ಗಾದೆಮಾತಿಗೂ ಅಷ್ಟೇ ಗೌರವವಿದೆ. ಕಲಿಸಲು ಬಂದವರು ಮೊದಲು ಕಲಿಯಲು ಕುಳಿತರು ಎಂಬುದೇ ಈ ಎಲ್ಲರ ಬಾಳಿನ ಸಾರ. ನಿಘಂಟು ಬರೆಯುವವನಿಗೆ ಎದುರಿನವನ ಬಾಯನ್ನು ನೋಡಿ ಕಾಯುವ ವಿನಯ ಬೇಕು. ಅವರಿಗೆ ಪದಗಳ ಅರ್ಥ ಹೇಳಿಕೊಟ್ಟ ಪಂಡಿತರೂ ರೈತರೂ ಹೆಂಗಸರೂ ಬಹುಪಾಲು ಹೆಸರಿಲ್ಲದೆ ಹೋದರು. ಅವರಿಗೂ ನಮ್ಮ ವಂದನೆ ಸಲ್ಲಬೇಕು.

ಆದರೂ ಕಥೋಲಿಕರ ಮನೆಗಳಲ್ಲಿ ಪವಿತ್ರಗ್ರಂಥದ ಓದು ಬಹುಕಾಲ ವಿರಳವಾಗಿತ್ತು ಎಂಬುದು ನಿಜ. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಜನ ಜಪಸರ ಹಿಡಿದು ಭಕ್ತಿಯಿಂದ ಪಾಲ್ಗೊಳ್ಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಶಾಸನದಿಂದ ಜನರ ಭಾಷೆಗೆ ಪೂಜಾಪೀಠದ ಬಳಿ ಸ್ಥಾನ ದೊರಕಿತು. 1965ರ ನವೆಂಬರ್ 18ರ ಶಾಸನವು ಪವಿತ್ರಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ವಿಶಾಲವಾಗಿ ತೆರೆದಿರಬೇಕೆಂದು ವಿಧಿಸಿತು. ಎರಡೇ ವರ್ಷಗಳಲ್ಲಿ, 1967ರಲ್ಲಿ, ಬೈಬಲ್ಲು, ಧರ್ಮೋಪದೇಶ ಮತ್ತು ಆರಾಧನೆಗಳಿಗಾಗಿ ಅಖಿಲ ಭಾರತ ಮಟ್ಟದ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ವರ್ಷಕ್ಕೊಂದು ಭಾನುವಾರವನ್ನು ದೇವರ ವಾಕ್ಯಕ್ಕೆಂದೇ ಮೀಸಲಾಗಿರಿಸಿದರು.

ಬಾಗಿಲು ತೆರೆದು ಅರುವತ್ತು ವರ್ಷಗಳಾದುವು. ಒಳಗೆ ಹೋದವರೆಷ್ಟು ಮಂದಿ? ಪವಿತ್ರಗ್ರಂಥವನ್ನು ದೇವರ ಪಟದ ಮುಂದಿಟ್ಟು, ಹೂವಿಟ್ಟು, ಧೂಳೊರಸಿ, ತೆರೆಯದೆ ಬಿಡುವ ಮನೆಗಳು ಎಷ್ಟೋ ಇವೆ. ಭಾನುವಾರದ ವಾಚನವನ್ನು ವಾಚಕನು ಪೀಠದ ಬಳಿಗೆ ಬಂದ ಮೇಲೆಯೇ ಮೊದಲ ಬಾರಿ ನೋಡುವುದೂ ಉಂಟು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಲ್ಲಿ ಅನೇಕರು ಕನ್ನಡ ಪ್ರಾರ್ಥನೆಯನ್ನು ಬಾಯಲ್ಲಿ ಸರಾಗವಾಗಿ ಹೇಳುತ್ತಾರೆ. ಅದೇ ಪ್ರಾರ್ಥನೆಯನ್ನು ಪುಸ್ತಕದಲ್ಲಿ ತೋರಿಸಿದರೆ ಒತ್ತಕ್ಷರ ಬಂದಲ್ಲಿ ತಡವರಿಸುತ್ತಾರೆ. ಇಂಗ್ಲಿಷ್ ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಅಜ್ಜಿ ಪ್ರಾರ್ಥಿಸಿದ ಭಾಷೆಯನ್ನು ಮೊಮ್ಮಗ ಓದಲಾರನೆಂದರೆ, ಅವರಿಬ್ಬರ ನಡುವೆ ವಿಶ್ವಾಸವು ದಾಟಿಬರುವ ಸೇತುವೆಯೇ ಕುಸಿದಂತೆ. ಒಂದು ತಲೆಮಾರಿನಲ್ಲಿ ಕುಸಿದ ಸೇತುವೆಯನ್ನು ಮೂರು ತಲೆಮಾರುಗಳು ಕಟ್ಟಬೇಕಾಗುತ್ತದೆ.

ಇಲ್ಲಿ ಹಿರಿಯರೊಬ್ಬರು ಆಕ್ಷೇಪಣೆ ಎತ್ತಬಹುದು. ಅಕ್ಷರ ಬಾರದ ನಮ್ಮ ತಾಯಂದಿರು ಓದುವವರಿಗಿಂತ ದೊಡ್ಡ ವಿಶ್ವಾಸಿಗಳಾಗಿದ್ದರಲ್ಲವೆ? ಆಗಿದ್ದರು, ಸಂದೇಹವೇ ಇಲ್ಲ. ಅವರ ಜಪಸರದ ಮಣಿಗಳು ಸವೆದಷ್ಟು ನಮ್ಮ ಪುಸ್ತಕಗಳ ಪುಟಗಳು ಸವೆದಿಲ್ಲ. ಆದರೆ ಅವರ ಬಾಳನ್ನು ಸರಿಯಾಗಿ ನೋಡಿದರೆ, ಅವರು ಓದಿನಿಂದ ದೂರವಿದ್ದವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿ ಸಂತರ ಚರಿತ್ರೆ ಓದಿಸಿ ಕೇಳಿದರು. ಒಮ್ಮೆ ಕೇಳಿದ್ದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡರು. ಒಬ್ಬ ಓದಿದರೆ ಹತ್ತು ಮಂದಿ ಕೇಳುವ ಆ ಪದ್ಧತಿಯೇ ನಮ್ಮ ಸಮುದಾಯದ ನಿಜವಾದ ಗ್ರಂಥಾಲಯವಾಗಿತ್ತು. ಅಕ್ಷರ ಬಂದ ನಾವು ಒಬ್ಬರಿಗೊಬ್ಬರು ಓದಿ ಹೇಳುವುದನ್ನು ನಿಲ್ಲಿಸಿದರೆ ಅವರ ಆಸ್ತಿಯನ್ನು ಕಳೆದಂತಾಗುತ್ತದೆ.

ವಿಶ್ವಾಸಿಗಳು ಧರ್ಮಗ್ರಂಥವನ್ನು ಮಾತ್ರ ಓದಿದರೆ ಸಾಕೆ? ಸಾಲದು. ಜಗದ್ಗುರು ಫ್ರಾನ್ಸಿಸರು 2025ರ ಏಪ್ರಿಲ್‌ನಲ್ಲಿ ದೈವಾಧೀನರಾಗುವುದಕ್ಕೆ ಒಂಬತ್ತು ತಿಂಗಳ ಹಿಂದೆ, 2024ರ ಜುಲೈ 17ರಂದು, ಸಾಹಿತ್ಯದ ಓದಿನ ಮಹತ್ವವನ್ನು ಕುರಿತೇ ಒಂದು ಪತ್ರ ಬರೆದರು. ಅದರಲ್ಲಿ ತಮ್ಮ ಅನುಭವವನ್ನೂ ತಿಳಿಸಿದ್ದಾರೆ. 1964–65ರಲ್ಲಿ ಅವರು ಅರ್ಜೆಂಟೀನದ ಶಾಲೆಯೊಂದರಲ್ಲಿ ಸಾಹಿತ್ಯದ ಉಪಾಧ್ಯಾಯರಾಗಿದ್ದರು. ಪಠ್ಯದಲ್ಲಿದ್ದ ಹಳೆಯ ಸ್ಪ್ಯಾನಿಷ್ ವೀರಕಾವ್ಯ ಹುಡುಗರಿಗೆ ರುಚಿಸಲಿಲ್ಲ. ಹೊಸ ಕವಿ ಲೋರ್ಕ ಬೇಕೆಂದರು. ವೀರಕಾವ್ಯವನ್ನು ಮನೆಯಲ್ಲಿ ಓದಿರಿ, ತರಗತಿಯಲ್ಲಿ ನಿಮಗೆ ಪ್ರಿಯರಾದವರನ್ನು ಓದೋಣ ಎಂದು ಅವರು ಏರ್ಪಾಟು ಮಾಡಿದರು. ಹುಡುಗರ ರುಚಿಯನ್ನು ಹೀಯಾಳಿಸದೆ, ಅಲ್ಲಿಂದಲೇ ಹೆಜ್ಜೆ ಹಾಕಿಸಿದ ಆ ಜಾಣ್ಮೆಯನ್ನು ನಮ್ಮ ಧರ್ಮೋಪದೇಶದ ಶಿಕ್ಷಕರು ಗಮನಿಸಬೇಕು.

ನಮ್ಮ ಕನ್ನಡ ಸಾಹಿತ್ಯದಿಂದ ಎರಡು ನಿದರ್ಶನಗಳನ್ನು ಕೊಡುತ್ತೇವೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಶುಭಸಂದೇಶಗಳನ್ನು ಆಳವಾಗಿ ಅಭ್ಯಾಸ ಮಾಡಿ, ಪ್ರಭುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ರಚಿಸಿದರು. ಬುದ್ಧನ ಅಂತ್ಯಕಾಲವನ್ನು ಕುರಿತು ‘ವೈಶಾಖಿ’ ಬರೆದರು. ನೆರೆಯವನ ಧರ್ಮಗ್ರಂಥವನ್ನು ಇಷ್ಟು ಶ್ರದ್ಧೆಯಿಂದ ಓದಿದವರು ನಮ್ಮ ನಾಡಿನಲ್ಲಿದ್ದರು. ಶುಭಶುಕ್ರವಾರ ಶಿಲುಬೆಹಾದಿಯಲ್ಲಿ ಕಣ್ಣೀರು ತರುವ ನಾವು ಆ ಕಾವ್ಯವನ್ನು ಓದಿದ್ದೇವೆಯೆ? ಅವರು ನಮ್ಮ ಪ್ರಭುವನ್ನು ಓದಿದ ಶ್ರದ್ಧೆಯಿಂದ ನಾವು ಬಸವಣ್ಣನವರ ವಚನಗಳನ್ನೂ ಪುರಂದರದಾಸರ ಕೀರ್ತನೆಗಳನ್ನೂ ಓದಿದ್ದೇವೆಯೆ? ನೆರೆಯವನು ನಮ್ಮನ್ನು ಅರಿಯಲಿ ಎಂದು ಬಯಸುವವರು ಅವನನ್ನು ಅರಿಯುವ ಶ್ರಮವನ್ನೂ ವಹಿಸಬೇಕು.

ಎರಡನೆಯವರು ನಮ್ಮವರೇ ಆದ ನಾ. ಡಿಸೋಜ ಅವರು. 1937ರಲ್ಲಿ ಸಾಗರದಲ್ಲಿ ಜನಿಸಿ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿ ಶರಾವತಿ ಕಣಿವೆಯನ್ನು ಹತ್ತಿರದಿಂದ ಕಂಡರು. ನಾಡಿಗೆ ಬೆಳಕು ಕೊಡಲೆಂದು ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿಗಳನ್ನು ಕಳೆದುಕೊಂಡವರ ಕಡೆ ಅವರ ದೃಷ್ಟಿ ಹೋಯಿತು. ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳು ಆ ಸಂಕಟದಿಂದ ಹುಟ್ಟಿದುವು. ‘ದ್ವೀಪ’ವು 2002ರಲ್ಲಿ ಚಲನಚಿತ್ರವೂ ಆಯಿತು. 2014ರಲ್ಲಿ ಮಡಿಕೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 2025ರ ಜನವರಿಯಲ್ಲಿ ನಮ್ಮನ್ನಗಲಿದಾಗ ಇಡೀ ಕನ್ನಡ ನಾಡು ತನ್ನ ಲೇಖಕನನ್ನು ಕಳೆದುಕೊಂಡೆನೆಂದು ದುಃಖಿಸಿತು. ಕ್ರೈಸ್ತನೊಬ್ಬನು ನಾಡಿನ ನೋವನ್ನು ನಾಡಿನ ನುಡಿಯಲ್ಲಿ ಹೇಳಿದಾಗ ಅವನು ಯಾರಿಗೂ ಪರಕೀಯನಾಗಿ ಕಾಣುವುದಿಲ್ಲ.

ಈ ಮಾತು ನಮ್ಮನ್ನು ಸಾರ್ವಜನಿಕ ಜೀವನದ ಕಡೆಗೆ ಕರೆದೊಯ್ಯುತ್ತದೆ. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ 1897ರಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರಾಗಿದ್ದರು. ಬಂಗಾಳದ ಕ್ರೈಸ್ತ ವಿದ್ವಾಂಸ ಎಚ್. ಸಿ. ಮುಖರ್ಜಿಯವರು ಆ ಸಭೆಯ ಉಪಾಧ್ಯಕ್ಷರಾಗಿದ್ದರು. ತಾವು ನಂಬಿದ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು 25ನೆಯ ಅನುಚ್ಛೇದದಲ್ಲಿ ಎಲ್ಲ ಪ್ರಜೆಗಳಿಗೂ ದೊರಕಿತು. ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಅಲ್ಪಸಂಖ್ಯಾತರ ಹಕ್ಕು 30ನೆಯ ಅನುಚ್ಛೇದದಲ್ಲಿ ಸೇರಿತು. ಇನ್ನೊಂದು ಕಡೆ, ಶಾಸನಸಭೆಗಳಲ್ಲಿ ಧರ್ಮದ ಆಧಾರದಿಂದ ಸ್ಥಾನಗಳನ್ನು ಮೀಸಲಿಡುವ ಏರ್ಪಾಟನ್ನು 1949ರ ಮೇ ತಿಂಗಳಲ್ಲಿ ಕೈಬಿಡಲಾಯಿತು. ಕ್ರೈಸ್ತ ಮುಖಂಡರು ಅದಕ್ಕೆ ಒಪ್ಪಿಗೆಯಿತ್ತರು. ನಮ್ಮ ರಕ್ಷಣೆ ಪ್ರತ್ಯೇಕ ಸ್ಥಾನಗಳಲ್ಲಿಲ್ಲ, ನೆರೆಹೊರೆಯವರ ಸದ್ಭಾವನೆಯಲ್ಲಿಯೂ ನ್ಯಾಯದ ಕಾನೂನಿನಲ್ಲಿಯೂ ಇದೆ ಎಂಬ ನಂಬಿಕೆಯಿಂದ ಇಟ್ಟ ಹೆಜ್ಜೆ ಅದು. ಇಂಥ ನಂಬಿಕೆಗೆ ಕಷ್ಟದ ದಿನಗಳು ಬಂದದ್ದುಂಟು, ಬರುವುದೂ ಉಂಟು. ಆ ದಿನಗಳಲ್ಲಿ ಹೆದರಿ ಬಾಗಿಲು ಮುಚ್ಚಿಕೊಳ್ಳುವುದಕ್ಕಿಂತ, ಸಂವಿಧಾನವನ್ನು ಓದಿ, ಅರಿತು, ಸಮಾಧಾನದಿಂದ ಮಾತನಾಡುವುದು ಲೇಸು. ಸಂವಿಧಾನವು ಕನ್ನಡದಲ್ಲಿಯೇ ದೊರೆಯುತ್ತದೆ.

ಇಂದು ಓದು ಕಡಿಮೆಯಾಗಿದೆಯೆಂದು ಹೇಳುವುದು ಪೂರ್ತಿ ಸರಿಯಲ್ಲ. ಮೊಬೈಲಿನ ಪರದೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಅಕ್ಷರಗಳು ಹರಿಯುತ್ತಲೇ ಇವೆ. ಫಿಲಿಪ್ಪನು ಕೇಳಿದ ಪ್ರಶ್ನೆಯನ್ನು ಇಂದು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ. ಒಂದು ಜಾತಿಯನ್ನೋ ಧರ್ಮವನ್ನೋ ನಿಂದಿಸುವ ಸಂದೇಶ ಬಂದಾಗ, ಅದು ನಿಜವೇ ಎಂದು ವಿಚಾರಿಸದೆ ಹತ್ತು ಮಂದಿಗೆ ಕಳುಹಿಸುವವನು ಬೆರಳಿನಿಂದ ಸುಳ್ಳು ಸಾಕ್ಷಿ ಹೇಳುತ್ತಿದ್ದಾನೆ. ಎಂಟನೆಯ ಕಟ್ಟಳೆ ನಾಲಗೆಗೆ ಮಾತ್ರ ಅನ್ವಯಿಸುವುದೆಂದು ಯಾವ ಜ್ಞಾನೋಪದೇಶದಲ್ಲಿಯೂ ಹೇಳಿಲ್ಲ. ನಿಧಾನವಾಗಿ ಓದುವ ಅಭ್ಯಾಸವುಳ್ಳವನು ಅವಸರದ ಸುಳ್ಳಿಗೆ ಬೇಗ ಬಲಿಯಾಗುವುದಿಲ್ಲ. ಹೀಗೆ ಮನೆಯ ಮೂಲೆಯಲ್ಲಿ ಕುಳಿತು ಮಾಡುವ ಓದು ಊರಿನ ಶಾಂತಿಗೂ ಕಾವಲಾಗುತ್ತದೆ.

ಶತಮಾನೋತ್ಸವದ ನೆನಪಿಗಾಗಿ ದೊಡ್ಡ ಕಟ್ಟಡಗಳನ್ನು ಸೂಚಿಸುವ ಶಕ್ತಿ ನಮಗಿಲ್ಲ. ಹಣ ಹೆಚ್ಚು ಬೇಡದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಪ್ರತಿ ಶನಿವಾರ ಸಂಜೆ ಜಪಸರವಾದ ಮೇಲೆ ಮರುದಿನದ ಶುಭಸಂದೇಶವನ್ನು ಮನೆಯ ಮಕ್ಕಳಲ್ಲೊಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ತಡವರಿಸಿದರೆ ಯಾರೂ ನಗದಿರಲಿ. ಎರಡನೆಯದಾಗಿ, ಧರ್ಮಕೇಂದ್ರದ ಪುಸ್ತಕದ ಬೀರುವಿನ ಬೀಗದ ಕೈ ಭಾನುವಾರ ಪೂಜೆಯ ನಂತರ ಒಂದು ಗಂಟೆ ಕಾಲ ಯುವಕರ ಕೈಯಲ್ಲಿರಲಿ. ಪುಸ್ತಕ ಕಳೆದುಹೋದೀತೆಂಬ ಭಯದಿಂದ ಓದುಗನನ್ನೇ ಕಳೆದುಕೊಳ್ಳುವುದು ಬೇಡ. ಮೂರನೆಯದಾಗಿ, ತಿಂಗಳಿಗೊಮ್ಮೆ ಒಂದು ಒಳ್ಳೆಯ ಕನ್ನಡ ಪುಸ್ತಕವನ್ನು ಕೂಡಿ ಓದುವ ಕೂಟ ನಡೆಯಲಿ. ಆ ಕೂಟಕ್ಕೆ ಅನ್ಯಧರ್ಮೀಯ ನೆರೆಯವರನ್ನೂ ಆದರದಿಂದ ಕರೆಯೋಣ. ನಾಲ್ಕನೆಯದಾಗಿ, ಎಂಬತ್ತು ದಾಟಿದ ಹಿರಿಯರ ನೆನಪುಗಳನ್ನು ಮಕ್ಕಳು ಕೇಳಿ ಬರೆದುಕೊಳ್ಳಲಿ. ದೀಕ್ಷಾಸ್ನಾನದ ದಫ್ತರದಲ್ಲಿ ಹೆಸರು, ದಿನಾಂಕಗಳಿವೆ. ಆ ಹೆಸರುಗಳು ಪಟ್ಟ ಕಷ್ಟಸುಖಗಳು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಅವರೊಡನೆ ಅವೂ ಮಣ್ಣು ಸೇರಿದರೆ, ದ್ವಿಶತಮಾನೋತ್ಸವ ಆಚರಿಸುವವರಿಗೆ ಓದಲು ಏನು ಉಳಿದೀತು?

ನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಮೊದಲ ಪೂಜೆಗೆ ಮೊಣಕಾಲೂರಿದವರಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿಯಿದ್ದಿರಬೇಕು. ಅವರು ಕೇಳಿಯೇ ವಿಶ್ವಾಸವನ್ನು ಉಳಿಸಿಕೊಂಡರು; ಹೊಟ್ಟೆಬಟ್ಟೆ ಕಟ್ಟಿ ನಮ್ಮನ್ನು ಶಾಲೆಗೆ ಕಳುಹಿಸಿದರು. ಆ ತ್ಯಾಗದಿಂದ ನಮಗೆ ಅಕ್ಷರ ಬಂದಿದೆ. ಅವರು ಕಿವಿಯಿಂದ ಕಾಪಾಡಿದ ಭಾಗ್ಯವನ್ನು ನಾವು ಕಣ್ಣಿನಿಂದಲೂ ಬುದ್ಧಿಯಿಂದಲೂ ಕಾಪಾಡಿ, ಬಡವರಿಗೂ ನೆರೆಯವರಿಗೂ ಉಪಯುಕ್ತವಾಗುವಂತೆ ಬಾಳೋಣ. ಎಮ್ಮಾವಿನ ದಾರಿಯಲ್ಲಿ ಧರ್ಮಗ್ರಂಥದ ಅರ್ಥವನ್ನು ವಿವರಿಸಿ ಇಬ್ಬರು ಶಿಷ್ಯರ ಹೃದಯದಲ್ಲಿ ಬೆಂಕಿ ಹೊತ್ತಿಸಿದ ಪ್ರಭುವು ನಮ್ಮ ಮನೆಗಳ ಓದಿನಲ್ಲಿಯೂ ಜೊತೆಗಿರಲಿ. ದೇವರ ಮಾತುಗಳನ್ನು ಹೃದಯದಲ್ಲಿಟ್ಟು ಮನನ ಮಾಡಿದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.